ಉಸ್ತಾದರ ಕಿವಿ, ನನ್ನ ಮೈಕು

ಹಗಲು ಹೊತ್ತು ನನ್ನ ಕೆಲಸ ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್ ಪರೀಕ್ಷಿಸುವುದು. ಯಾರೋ ಮಾತಾಡುತ್ತಾರೆ, ಯಂತ್ರ ಬರೆದುಕೊಳ್ಳುತ್ತದೆ, ಎಲ್ಲಿ ಎಡವಿತು ಅಂತ ನಾನು ಹುಡುಕುತ್ತೇನೆ. ಸಂಜೆಯ ಮಗ್ರಿಬ್ ನಮಾಝ್ ಆದ ಮೇಲೆ ಇನ್ನೊಂದು ಕೆಲಸ. ನನಗೆ ಕುರ್‌ಆನ್ ಓದಲು ಕಲಿಸಿದ ಉಸ್ತಾದರು ಈಗ ಆನ್‌ಲೈನ್‌ನಲ್ಲೂ ಪಾಠ ಹೇಳುತ್ತಾರೆ. ಅವರ ಲ್ಯಾಪ್‌ಟಾಪ್, ಮೈಕು, ರೆಕಾರ್ಡಿಂಗ್, ಮಕ್ಕಳ ಫೋನಿನ ಆಪ್‌ಗಳು ಎಲ್ಲ ನನ್ನ ಪಾಲಿಗೆ ಬಂದಿವೆ. ಸಂಬಳ ಇಲ್ಲ, ಬೈಗುಳ ಇದೆ.

ಇದರಿಂದಾಗಿ ಎರಡು ಕಡೆಯವರೂ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಎಲ್ಲದಕ್ಕೂ ಆಪ್ ಇದೆಯಲ್ಲ, ಇನ್ನು ಉಸ್ತಾದ್ ಯಾಕೆ ಅಂತ ಒಬ್ಬರು. ದೀನಿನ, ಅಂದರೆ ಧರ್ಮದ, ಪಾಠದ ನಡುವೆ ಈ ಫೋನ್ ಯಾಕೆ ಅಂತ ಇನ್ನೊಬ್ಬರು. ತಂತ್ರಜ್ಞಾನ ಅಂದರೆ ಒಂದೇ ಗಂಟು, ಇಡಿಯಾಗಿ ಒಳಗೆ ತರಬೇಕು ಇಲ್ಲವೇ ಇಡಿಯಾಗಿ ಹೊರಗಿಡಬೇಕು ಅಂತ ಇಬ್ಬರೂ ನಂಬಿದ್ದಾರೆ. ನಾನು ಕಂಡದ್ದು ಬೇರೆ. ಓದುವ ಮಗುವಿನ ಬಾಯಿಂದ ಉಸ್ತಾದರ ಕಿವಿಗೆ ಒಂದು ದಾರಿ ಇದೆ. ಆ ದಾರಿಯಲ್ಲಿ ಯಾವ ಯಂತ್ರ ಏನನ್ನು ಉಳಿಸುತ್ತದೆ, ಏನನ್ನು ನುಂಗುತ್ತದೆ ಅಂತ ಒಂದೊಂದಾಗಿ ನೋಡಬೇಕು. ಅದನ್ನು ನೋಡದೆ ಸುಮ್ನೆ ಪರ, ವಿರೋಧ ಅಂತ ಕೂತರೆ ಮಾತು ಮುಂದಕ್ಕೆ ಹೋಗುವುದಿಲ್ಲ.

ನುಂಗುವುದರಿಂದಲೇ ಶುರು ಮಾಡುತ್ತೇನೆ.

ಕುರ್‌ಆನ್ ಓದುವಾಗ ನೂನ್ ಅಥವಾ ಮೀಮ್ (ಅರಬಿಯ ನ, ಮ) ಮೇಲೆ ಶದ್ದ್, ಅಂದರೆ ಅಕ್ಷರವನ್ನು ಇಮ್ಮಡಿಸುವ ಗುರುತು, ಬಂದರೆ ದನಿಯನ್ನು ಮೂಗಿನಲ್ಲಿ ಸ್ವಲ್ಪ ಹಿಡಿಯಬೇಕು. ಎರಡು ಹರಕತ್‌ನಷ್ಟು, ಅಂದರೆ ಎರಡು ಹ್ರಸ್ವ ಸ್ವರ ಹೇಳುವಷ್ಟು, ಹೊತ್ತು. ಇದಕ್ಕೆ ಗುನ್ನಾ ಅಂತಾರೆ. ಆನ್‌ಲೈನ್ ತರಗತಿಯ ಒಬ್ಬ ಹುಡುಗನ ಗುನ್ನಾ ಉಸ್ತಾದರಿಗೆ ಕೇಳಿಸುತ್ತಲೇ ಇರಲಿಲ್ಲ. "ಗುನ್ನಾ ಎಲ್ಲಿ?" ಅಂತ ಇವರು. "ಹಿಡಿದೆನಲ್ಲ ಉಸ್ತಾದ್" ಅಂತ ಅವನು. ಸುಮಾರು ಹೊತ್ತು ಇದೇ ನಡೆಯಿತು, ಹುಡುಗನ ಕಣ್ಣಲ್ಲಿ ನೀರು ಬರುವ ತನಕ. ಕೊನೆಗೆ ಅದೇ ಆಯತನ್ನು (ಕುರ್‌ಆನಿನ ವಾಕ್ಯವನ್ನು) ಅವನ ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಲು ಹೇಳಿದೆ. ಫೈಲ್ ತೆರೆದು ಕೇಳಿದರೆ ಗುನ್ನಾ ಸ್ಪಷ್ಟವಾಗಿದೆ, ಬೇಕಾದಷ್ಟು ಉದ್ದವೂ ಇದೆ. ನಡುವೆ ಅದನ್ನು ಕದ್ದದ್ದು ವಿಡಿಯೊ ಕರೆಯ ಸದ್ದು ತಡೆಯುವ ವ್ಯವಸ್ಥೆ.

ಅದು ಕೆಲಸ ಮಾಡುವ ಬಗೆ ಹೀಗೆ. ಫ್ಯಾನು, ಫ್ರಿಜ್ಜು, ಎಸಿ ಇವುಗಳ ಸದ್ದು ಒಂದೇ ಸಮನೆ ಇರುತ್ತದೆ. ಮನುಷ್ಯರ ಮಾತು ಹಾಗಲ್ಲ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಾಗಾಗಿ ಬದಲಾಗದೆ ನಿಂತ ದನಿ ಕಂಡರೆ ಯಂತ್ರ ಅದನ್ನು ಕಸ ಅಂದುಕೊಂಡು ಇಳಿಸಿಬಿಡುತ್ತದೆ. ಗುನ್ನಾ ಅಂದರೇನೇ ನಿಂತ ದನಿ. ಸ್ವರವನ್ನು ಆರು ಹರಕತ್ ಎಳೆಯುವ ಮದ್ದ್ ಕೂಡ ಅಷ್ಟೇ. ಆಫೀಸಿನ ಮೀಟಿಂಗ್ ಮನಸ್ಸಿನಲ್ಲಿಟ್ಟು ಮಾಡಿದ ಸಾಧನಕ್ಕೆ ತಜ್ವೀದ್, ಅಂದರೆ ಕುರ್‌ಆನ್ ಓದುವ ಉಚ್ಚಾರಣೆಯ ನಿಯಮ, ಗೊತ್ತಿರುವುದಾದರೂ ಹೇಗೆ? ಪರಿಹಾರ ಸುಲಭ. ಇಂಥ ಹಲವು ಆಪ್‌ಗಳಲ್ಲಿ ಸಂಗೀತಗಾರರಿಗಾಗಿ ಒಂದು ಆಯ್ಕೆ ಇರುತ್ತದೆ, ಮೂಲ ದನಿಯನ್ನು ಮುಟ್ಟದೆ ಕಳಿಸು ಅಂತ. ಅದನ್ನು ಹಾಕಿ, ಇಯರ್‌ಫೋನ್ ಬಳಸಿ, ಫ್ಯಾನು ಆರಿಸಿದರೆ ಮುಗಿಯಿತು. ಹೊಸದಾಗಿ ಸೇರುವ ಪ್ರತಿ ಮಗುವಿನ ಫೋನಿನಲ್ಲೂ ಈಗ ನಾನು ಮೊದಲು ಮಾಡುವ ಕೆಲಸ ಇದೇ.

ಸಾದಾ ಫೋನ್ ಕರೆಯಲ್ಲಿ ಪಾಠ ಒಪ್ಪಿಸುವವರೂ ಇದ್ದಾರೆ. ಅವರಿಗೆ ಬೇರೆ ತೊಂದರೆ. ಹಳೆಯ ರೀತಿಯ ಫೋನ್ ಕರೆ 300ರಿಂದ 3400 ಹರ್ಟ್ಸ್ ತನಕದ ದನಿಯನ್ನಷ್ಟೇ ದಾಟಿಸುತ್ತದೆ. ಸಕಾರದ ಸಿಳ್ಳೆಯಂಥ ಸದ್ದಿನ ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಅರಬಿಯಲ್ಲಿ ಹಲ್ಲಿನ ಅಂಚಿಗೆ ನಾಲಿಗೆ ತಾಗಿಸುವ ಸಾ ಬೇರೆ, ಸೀನ್ ಬೇರೆ. ಝಾಲ್ ಬೇರೆ, ಝಾ ಬೇರೆ. ಇವನ್ನು ಬೇರೆ ಮಾಡುವ ಸದ್ದೇ ತಂತಿಯಲ್ಲಿ ಬರದಿದ್ದರೆ ಎಂಥ ಉಸ್ತಾದರೂ ಊಹೆಯ ಮೇಲೆ ನಡೆಯಬೇಕಾಗುತ್ತದೆ. ಅಂಥ ಕರೆಯಲ್ಲಿ ಹಳೇ ಪಾಠ ಮಾತ್ರ ಕೇಳುತ್ತೇವೆ. ಹೊಸ ಅಕ್ಷರ ಕಲಿಸುವುದಿಲ್ಲ.

ಇನ್ನು ಎಲ್ಲರೂ ಕೇಳುವ ವಿಷಯ. ನೀವು ಓದುತ್ತಾ ಹೋದಂತೆ ಕೇಳಿಸಿಕೊಂಡು ತಪ್ಪು ತೋರಿಸುವ ಆಪ್‌ಗಳು. ನನ್ನ ಹಗಲಿನ ಕೆಲಸ ಇದೇ ಆದ್ದರಿಂದ ನನಗೆ ಇಲ್ಲಿ ಕುತೂಹಲ ಜಾಸ್ತಿ. ಉಸ್ತಾದರು ತಪ್ಪು ಗುರುತಿಸಿಟ್ಟಿದ್ದ ಹಳೆಯ ರೆಕಾರ್ಡಿಂಗ್‌ಗಳನ್ನು ಕೆಲವು ಆಪ್‌ಗಳಿಗೆ ಕೇಳಿಸಿ ನೋಡಿದೆ. ಪದ ಬಿಟ್ಟರೆ ಹಿಡಿದವು. ಆಯತ್ ಹಾರಿಸಿದರೆ ಹಿಡಿದವು. ಒಂದು ಸೂರಾದಿಂದ (ಅಧ್ಯಾಯದಿಂದ) ಇನ್ನೊಂದಕ್ಕೆ ಜಾರಿದರೂ ಹಿಡಿದವು. ಗಂಟಲ ನಡುವಿನಿಂದ ಬರಬೇಕಾದ ಹಾ ಬದಲು ಸಾದಾ ಹ ಬಂದಾಗ ಮಾತ್ರ ಹಸಿರು ಗುರುತು ಕೊಟ್ಟು ಮುಂದೆ ಹೋದವು.

ಕಾರಣ ಯಂತ್ರ ದಡ್ಡ ಅಂತಲ್ಲ, ಅದಕ್ಕೆ ಪಾಠ ಮೊದಲೇ ಬಾಯಿಪಾಠ ಅಂತ. ಮಾತು ಗುರುತಿಸುವ ಸಾಫ್ಟ್‌ವೇರ್ ಬರೀ ಸದ್ದನ್ನು ನೋಡಿ ಬರೆಯುವುದಿಲ್ಲ. ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಅಂತಲೂ ಲೆಕ್ಕ ಹಾಕುತ್ತದೆ. ದಿನನಿತ್ಯದ ಮಾತಿನಲ್ಲಿ ಇದು ವರ. ಅರ್ಧ ನುಂಗಿದ ಪದವನ್ನೂ ಸರಿಯಾಗಿ ಬರೆದುಕೊಡುತ್ತದೆ. ಕುರ್‌ಆನಿನಲ್ಲಿ ಇರುವುದು 6236 ಆಯತ್‌ಗಳು, ಒಂದಕ್ಷರ ಆಚೀಚೆ ಇಲ್ಲದ ಪಾಠ. ನೀವು ಸುಮಾರಾಗಿ ಹತ್ತಿರ ಬಂದರೆ ಸಾಕು, ಮೂಲ ಯಾವುದು ಅಂತ ಅದಕ್ಕೆ ಗೊತ್ತಾಗುತ್ತದೆ. ನಿಮ್ಮ ತಪ್ಪನ್ನು ತಾನೇ ತಿದ್ದಿಕೊಂಡು ಸರಿ ಅನ್ನುತ್ತದೆ. ಉಸ್ತಾದರು ಮಾಡುವುದು ಇದರ ಉಲ್ಟಾ. ಅವರಿಗೂ ಇಡೀ ಪಾಠ ಬಾಯಿಪಾಠ. ಆದರೂ ನೀವು ಏನು ಓದಬೇಕಿತ್ತು ಅನ್ನುವುದನ್ನು ಬದಿಗಿಟ್ಟು, ಏನು ಓದಿದಿರೋ ಅದನ್ನೇ ಕೇಳುತ್ತಾರೆ. ಇದು ಎಷ್ಟು ಕಷ್ಟ ಅಂತ ಸ್ವಂತ ಬರಹದ ಅಚ್ಚಿನ ತಪ್ಪು ನೋಡಿದವರಿಗೆ ಗೊತ್ತು. ಅಕ್ಷರ ಅಕ್ಷರದ ಉಚ್ಚಾರಣೆಯನ್ನೇ ಅಳೆಯುವ ಪ್ರಯತ್ನಗಳೂ ಈಗ ನಡೆದಿವೆ. ನಡೆಯಲಿ, ನನಗೆ ಖುಷಿಯೇ. ಸದ್ಯಕ್ಕೆ ಮಕ್ಕಳಿಗೆ ಹೇಳಿರುವುದು ಇಷ್ಟು: ಹಸಿರು ಬಂದರೆ ಪದ ಸರಿ ಇದೆ ಅಂತ ತಿಳಿಯಿರಿ, ಓದು ಸರಿ ಇದೆ ಅಂತ ತಿಳಿಯಬೇಡಿ.

ಕಲಿಯುವವರೆಲ್ಲ ಒಂದೇ ರೀತಿಯ ಓದು ಓದುತ್ತಾರೆ ಅಂತ ಅಂದುಕೊಳ್ಳುವ ಆಪ್‌ಗಳೂ ಇವೆ. ಪಶ್ಚಿಮ ಮತ್ತು ಉತ್ತರ ಆಫ್ರಿಕಾದಲ್ಲಿ ಬಹಳ ಜನ ಓದುವುದು ವರ್ಶ್ ಅನ್ನುವವರ ಹೆಸರಿನ ಓದಿನ ಕ್ರಮ. ಕುರ್‌ಆನಿನ ಮೊದಲ ಸೂರಾ ಫಾತಿಹಾದ ನಾಲ್ಕನೇ ಆಯತ್‌ನಲ್ಲಿ ನಾವು ಹಫ್ಸ್ ಅನ್ನುವ ಇನ್ನೊಂದು ಓದಿನವರು "ಮಾಲಿಕಿ" ಅಂತ ಎಳೆಯುತ್ತೇವೆ, ಅವರು "ಮಲಿಕಿ" ಅಂತ ಮೊಟಕಾಗಿ ಓದುತ್ತಾರೆ. ಎರಡೂ ಪರಂಪರೆಯಿಂದ ಬಂದ ಸರಿ ಓದುಗಳೇ. ಬರೀ ಹಫ್ಸ್ ಪಾಠ ತುಂಬಿಕೊಂಡ ಆಪ್ ಅದನ್ನು ತಪ್ಪು ಅಂತ ತೋರಿಸಿದರೆ, ಸಾವಿರಕ್ಕೂ ಹೆಚ್ಚು ವರ್ಷ ಉಳಿದುಬಂದ ಒಂದು ಓದಿಗೆ ಯಾರೋ ಒಬ್ಬ ಪ್ರೋಗ್ರಾಮರ್ ಕೆಂಪು ಗೆರೆ ಎಳೆದ ಹಾಗಾಯಿತು.

ಈ ಕಿವಿ, ಬಾಯಿಯ ವ್ಯವಹಾರ ಎಲ್ಲಿಂದ ಬಂತು ಅಂತ ನೋಡಿದರೆ ಇನ್ನೂ ಚೆನ್ನಾಗಿದೆ. ಪ್ರವಾದಿಯವರು (ಸ) ಪ್ರತಿ ರಮಝಾನಿನಲ್ಲೂ ಅಲ್ಲಿಯ ತನಕ ಇಳಿದಿದ್ದ ಕುರ್‌ಆನನ್ನು ದೇವದೂತ ಜಿಬ್ರೀಲರೊಂದಿಗೆ ಓದಿ ನೋಡುತ್ತಿದ್ದರು, ಕೊನೆಯ ವರ್ಷ ಎರಡು ಸಲ ಹಾಗೆ ಮಾಡಿದರು ಅಂತ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ. ಮುಂದೆ ಖಲೀಫ ಉಸ್ಮಾನರ ಕಾಲದಲ್ಲಿ, ಸುಮಾರು 650ರ ಹೊತ್ತಿಗೆ, ಪ್ರತಿಗಳನ್ನು ಬರೆಸಿ ಕೂಫಾ, ಬಸ್ರಾದಂಥ ದೊಡ್ಡ ಪಟ್ಟಣಗಳಿಗೆ ಕಳಿಸಿದರು. ಬರೀ ಪುಸ್ತಕ ಕಳಿಸಲಿಲ್ಲ, ಓದಿ ತೋರಿಸುವವರನ್ನೂ ಜೊತೆಗೆ ಕಳಿಸಿದರು ಅಂತ ಪರಂಪರೆ ಹೇಳುತ್ತದೆ. ಕೂಫಾಕ್ಕೆ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿ. ಅವರಿಂದ ಕಲಿತವರು ಆಸಿಮ್. ಆಸಿಮರಿಂದ ಕಲಿತವರು ಹಫ್ಸ್. ಇವತ್ತು ಜಗತ್ತಿನ ಬಹುಪಾಲು ಮುಸ್ಲಿಮರ ಬಾಯಲ್ಲಿರುವುದು ಈ ಹಫ್ಸ್ ಓದು. ಅಂದರೆ ಬರವಣಿಗೆ ಅನ್ನುವ ಆ ಕಾಲದ ಹೊಸ ಸಾಧನವನ್ನು ಬೇಡ ಅನ್ನಲಿಲ್ಲ. ಅದರ ಪಕ್ಕದಲ್ಲಿ ಒಬ್ಬ ಮನುಷ್ಯರನ್ನೂ ಕೂರಿಸಿದರು.

ಆ ಮನುಷ್ಯರು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಸೂರಾ ಯೂಸುಫಿನ 11ನೇ ಆಯತ್ ತೋರಿಸುತ್ತೇನೆ. ಅಲ್ಲಿ "ಲಾ ತಅ್‌ಮನ್ನಾ" ಅಂತ ಒಂದು ಕಡೆ ಬರುತ್ತದೆ. ಅದನ್ನು ಓದುವ ಒಂದು ಕ್ರಮದಲ್ಲಿ ನೂನ್ ಹಿಡಿದಿರುವಾಗಲೇ ತುಟಿಗಳನ್ನು ದುಂಡಗೆ ಮಾಡಬೇಕು, ಉಕಾರ ಹೇಳುವವರ ಹಾಗೆ. ಸದ್ದು ಮಾತ್ರ ಬರಬಾರದು. ಇದಕ್ಕೆ ಇಶ್ಮಾಮ್ ಅಂತಾರೆ. ಇದು ಕಿವಿಗೆ ಕೇಳಿಸುವಂಥದ್ದೇ ಅಲ್ಲ, ಕಣ್ಣಿಗೆ ಕಾಣುವಂಥದ್ದು. ಜಗತ್ತಿನ ಅತ್ಯುತ್ತಮ ಧ್ವನಿಮುದ್ರಣದಲ್ಲೂ ಇದು ಇರುವುದಿಲ್ಲ. ಕಲಿಸಿದವರ ಮುಖ ನೋಡಿದವರಿಗಷ್ಟೇ ಸಿಗುತ್ತದೆ. ಹಾಗೆ ಮುಖದಿಂದ ಮುಖಕ್ಕೆ ಇಷ್ಟು ಶತಮಾನ ದಾಟಿ ಬಂದಿದೆ. ನನಗೆ ಇದು ಮೊದಲ ಸಲ ಅರ್ಥವಾದಾಗ ಮೈ ಜುಂ ಅಂದಿತ್ತು. ಮಜಾ ಅಂದರೆ, ಆಡಿಯೊ ಸೋತ ಈ ಜಾಗದಲ್ಲಿ ವಿಡಿಯೊ ಗೆಲ್ಲುತ್ತದೆ. ಹಾಗಾಗಿ ನಮ್ಮ ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ಬಾಯಿಯ ಎತ್ತರಕ್ಕೆ ಇರಬೇಕು, ಮುಖದ ಮೇಲೆ ಬೆಳಕು ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತವರನ್ನು ಉಸ್ತಾದರು ಎಬ್ಬಿಸಿ ತಿರುಗಿಸುತ್ತಾರೆ.

ಹಳೆಯ ಕಾಲದ ವಿದ್ಯೆಗೆ ಸಾಧನಗಳೇ ಇರಲಿಲ್ಲ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೊದಲಿನ ಮುಸ್‌ಹಫ್‌ಗಳಲ್ಲಿ (ಕುರ್‌ಆನಿನ ಬರಹದ ಪ್ರತಿಗಳಲ್ಲಿ) ಸ್ವರಚಿಹ್ನೆ ಇರಲಿಲ್ಲ. ಅರಬಿ ಮನೆಮಾತಲ್ಲದವರು ಓದಲು ಶುರು ಮಾಡಿದಾಗ ತಪ್ಪುಗಳು ಹೆಚ್ಚಿದವು. ಆಗ ಸ್ವರಗಳಿಗೆ ಬಣ್ಣದ ಚುಕ್ಕಿ ಇಡುವ ಕ್ರಮ ತಂದವರು ಅಬುಲ್ ಅಸ್ವದ್ ಅದ್ದುಅಲಿ ಅಂತ ಹೇಳುತ್ತಾರೆ. ಅವರು ತೀರಿಕೊಂಡದ್ದು 688ರ ಸುಮಾರಿಗೆ. ಈಗ ನಾವು ಬಳಸುವ ಝಬರ್, ಝೇರ್, ಪೇಶ್ (ಅ, ಇ, ಉ) ಗುರುತುಗಳು ಅದರ ಮುಂದಿನ ಶತಮಾನದಲ್ಲಿ ಖಲೀಲ್ ಇಬ್ನ್ ಅಹ್ಮದರ ಹೆಸರಿನಲ್ಲಿ ಬಂದವು. ಕುರ್‌ಆನಿನ ಮೇಲೆ ಹೀಗೆ ಗುರುತು ಹಾಕಬಹುದೇ ಅಂತ ಆಗಲೂ ಜಗಳ ಇತ್ತು. ಈಗ ಗುನ್ನಾಗೆ ಒಂದು ಬಣ್ಣ, ಮದ್ದ್‌ಗೆ ಒಂದು ಬಣ್ಣ ಹಾಕಿದ ತಜ್ವೀದ್ ಮುಸ್‌ಹಫ್ ಮಕ್ಕಳ ಕೈಯಲ್ಲಿದೆ. ಅದನ್ನು ನೋಡಿ ಮೂಗು ಮುರಿಯುವವರು ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಲಿ.

ಹೊಸ ಸಾಧನ ಬಂದ ಕೂಡಲೇ ಅಪ್ಪಿಕೊಳ್ಳದಿರುವುದಕ್ಕೂ ಕಾರಣ ಇರುತ್ತದೆ. 1537, 1538ರ ಹೊತ್ತಿಗೆ ವೆನಿಸ್‌ನಲ್ಲಿ ಕುರ್‌ಆನನ್ನು ಅಚ್ಚು ಮಾಡಿದರು. ಅಕ್ಷರ, ಗುರುತುಗಳಲ್ಲಿ ತಪ್ಪೋ ತಪ್ಪು. ಅದರ ಒಂದೇ ಒಂದು ಪ್ರತಿ 1987ರಲ್ಲಿ ವೆನಿಸ್‌ನ ಒಂದು ಕ್ರೈಸ್ತ ಮಠದ ಗ್ರಂಥಾಲಯದಲ್ಲಿ ಸಿಕ್ಕಿತು. ಅಚ್ಚಿನ ಬಗ್ಗೆ ವಿದ್ವಾಂಸರು ಅನುಮಾನ ಪಟ್ಟರೆ ಅದು ಬರೀ ಹಠ ಅನ್ನಲಾಗುವುದಿಲ್ಲ, ಅಲ್ವಾ? 1924ರಲ್ಲಿ ಕೈರೋದಲ್ಲಿ ಪಂಡಿತರ ಸಮಿತಿ ಕೂತು, ಅಕ್ಷರ, ಗುರುತು, ನಿಲ್ಲುವ ಜಾಗ ಎಲ್ಲ ನೋಡಿ ಅಚ್ಚು ಹಾಕಿಸಿತು. ಆ ಪಾಠ ಜಗತ್ತಿಗೇ ಮಾದರಿಯಾಯಿತು. ಧ್ವನಿಮುದ್ರಣದ ಕತೆಯೂ ಹಾಗೇ. ಇಡೀ ಕುರ್‌ಆನನ್ನು ಒಬ್ಬರೇ ಓದಿದ ಮೊದಲ ಧ್ವನಿಮುದ್ರಣ ಈಜಿಪ್ಟಿನ ಮಹ್ಮೂದ್ ಖಲೀಲ್ ಅಲ್ ಹುಸರಿಯವರದು, 1961ರಲ್ಲಿ ಹೊರಬಂತು. ಅವರ ಓದಿನಲ್ಲಿ ಅಲಂಕಾರ ಕಡಿಮೆ, ಪ್ರತಿ ಅಕ್ಷರ ತನ್ನ ಜಾಗದಿಂದ ಬರುತ್ತದೆ. ಕಲಿಯುವವರು ಇವತ್ತಿಗೂ ಮೊದಲು ಕೇಳುವುದು ಅವರನ್ನೇ. ಉಸ್ತಾದರ ಪಾಠಕ್ಕೂ ಮರುದಿನದ ಪಾಠಕ್ಕೂ ನಡುವೆ ಇರುವ ಉದ್ದನೆಯ ಹೊತ್ತಿದೆಯಲ್ಲ, ಮಗು ಒಂಟಿಯಾಗಿ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುವ ಹೊತ್ತು, ಅಲ್ಲಿಗೆ ಹುಸರಿಯವರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ.

ಬಾಯಿಪಾಠದ ವಿಷಯಕ್ಕೆ ಬಂದರೆ, ಹೊರಗಿನವರಿಗೆ ಹೊಳೆಯದ ಒಂದು ಸಂಗತಿ ಇದೆ. ಹಾಫಿಝ್‌ಗಳು, ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡಿದವರು, ಪದಗಳನ್ನಷ್ಟೇ ಅಲ್ಲ, ಪುಟವನ್ನೂ ನೆನಪಿಟ್ಟುಕೊಂಡಿರುತ್ತಾರೆ. ಈ ಆಯತ್ ಬಲಪುಟದ ಕೆಳಗೆ, ಆ ಆಯತ್ ಎಡಪುಟದ ಮೂರನೇ ಸಾಲಿನಲ್ಲಿ ಅಂತ ಕಣ್ಣೊಳಗೆ ಇರುತ್ತದೆ. ಮದೀನಾ ಮುಸ್‌ಹಫ್‌ನಲ್ಲಿ 604 ಪುಟ, ಪುಟಕ್ಕೆ 15 ಸಾಲು, ಪ್ರತಿ ಪುಟವೂ ಆಯತ್ ಮುಗಿಯುವಲ್ಲೇ ಮುಗಿಯುತ್ತದೆ. ಸಿರಿಯಾ ಮೂಲದ ಉಸ್ಮಾನ್ ತಾಹಾ ಅವರ ಕೈಬರಹ ಅದು. ಫೋನಿನ ಪರದೆಗೆ ಈ ಶಿಸ್ತು ಗೊತ್ತಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಗೆ ಇಳಿಯುತ್ತದೆ. ನಿನ್ನೆ ಮೇಲಿದ್ದ ಆಯತ್ ಇವತ್ತು ನಡುವಿನಲ್ಲಿ. ಬಾಯಿಪಾಠ ಮಾಡುವ ಮಗುವಿಗೆ ಇದು ದಿನಾ ಮನೆಯ ಬಾಗಿಲು ಬೇರೆ ಕಡೆಗೆ ಇಟ್ಟ ಹಾಗೆ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರೂ ಇದ್ದಾರೆ. ಮದೀನಾದ ಕಿಂಗ್ ಫಹದ್ ಮುದ್ರಣ ಸಂಕೀರ್ಣದ ಒಂದು ಫಾಂಟ್ ವ್ಯವಸ್ಥೆಯಲ್ಲಿ ಪ್ರತಿ ಪುಟಕ್ಕೂ ಬೇರೆ ಫಾಂಟ್ ಫೈಲ್ ಇದೆ. 604 ಪುಟಕ್ಕೆ 604 ಫಾಂಟ್. ಆ ಪುಟದಲ್ಲಿ ಆ ಪದ ಕೈಬರಹದಲ್ಲಿ ಹೇಗಿತ್ತೋ ಹಾಗೇ ಪರದೆಯಲ್ಲೂ ಬರಲಿ ಅಂತ. ಸಾಫ್ಟ್‌ವೇರ್ ಮಂದಿಗೆ ಹೇಳಿದರೆ ಮೊದಲು ನಗುತ್ತಾರೆ, ಇದೆಂಥ ದುಂದುಗಾರಿಕೆ ಅಂತ. ನನಗೆ ಮಾತ್ರ ಇಷ್ಟು ಮರ್ಯಾದೆಯಿಂದ ಬರೆದ ಇನ್ನೊಂದು ಫಾಂಟ್ ಗೊತ್ತಿಲ್ಲ. ಹಿಫ್ಝ್ (ಬಾಯಿಪಾಠ) ಮಾಡುವ ಮಕ್ಕಳ ಫೋನಿನಲ್ಲಿ ಪುಟದ ನೋಟವನ್ನೇ ಬಿಟ್ಟು ಬೇರೆ ಎಲ್ಲ ನೋಟಗಳನ್ನೂ ಮುಚ್ಚಿಡುತ್ತೇನೆ. ಮನೆಯ ಮುಸ್‌ಹಫ್ ಯಾವ ಮುದ್ರಣವೋ ಆಪ್‌ನಲ್ಲೂ ಅದೇ ಇರಬೇಕು.

ನೆನಪಿಗೆ ಸಹಾಯ ಮಾಡುವ ಕಾರ್ಡ್ ಆಪ್‌ಗಳ ಬಗ್ಗೆಯೂ ತಂದೆ ತಾಯಿಯರು ಕೇಳುತ್ತಾರೆ. ಗೊತ್ತಿರುವುದನ್ನು ಅಪರೂಪಕ್ಕೆ, ಗೊತ್ತಿಲ್ಲದ್ದನ್ನು ಬೇಗಬೇಗ ಕೇಳುವ ಲೆಕ್ಕಾಚಾರ ಅವುಗಳದು. ಪದಗಳ ಅರ್ಥ ಕಲಿಯಲು ಚೆನ್ನಾಗಿದೆ, ನಾನೂ ಬಳಸುತ್ತೇನೆ. ಹಿಫ್ಝ್‌ಗೆ ಒಗ್ಗುವುದಿಲ್ಲ. ಹಿಫ್ಝ್ ತರಗತಿಯಲ್ಲಿ ಇವತ್ತಿನ ಹೊಸ ಪಾಠ ಸಬಕ್. ಇತ್ತೀಚಿನ ಪಾಠಗಳು ಸಬಕೀ. ಹಳೆಯದನ್ನೆಲ್ಲ ಸುತ್ತು ಹಾಕುವುದು ಮಂಝಿಲ್. ಚೆನ್ನಾಗಿ ಬರುತ್ತದೆ ಅಂತ ಯಾವ ಭಾಗಕ್ಕೂ ರಜೆ ಇಲ್ಲ. ಕಟ್ಟಿದ ಒಂಟೆ ಬಿಡಿಸಿಕೊಂಡು ಓಡುವುದಕ್ಕಿಂತ ಬೇಗ ಕುರ್‌ಆನ್ ನೆನಪಿನಿಂದ ಜಾರುತ್ತದೆ ಅಂತ ಹದೀಸೇ ಇದೆ. ಇನ್ನೊಂದು, ಕಾರ್ಡ್ ಆಪ್ ಆಯತ್‌ಗಳನ್ನು ಬಿಡಿಬಿಡಿ ಮಾಡುತ್ತದೆ. ಒಂದು ಆಯತ್ ಮುಗಿದ ಕೂಡಲೇ ಮುಂದಿನದು ತಾನಾಗಿ ನಾಲಿಗೆಗೆ ಬರಬೇಕಾದ ಆ ಕೊಂಡಿಯೇ ಅಲ್ಲಿ ಇರುವುದಿಲ್ಲ.

ಇದೇ ಜಾಗದಲ್ಲಿ ಕಂಪ್ಯೂಟರ್ ಬಹಳ ದೊಡ್ಡ ಉಪಕಾರವನ್ನೂ ಮಾಡುತ್ತದೆ. ಒಂದೇ ರೀತಿ ಕೇಳಿಸುವ ಆಯತ್‌ಗಳು ಹಾಫಿಝ್‌ಗಳ ದೊಡ್ಡ ತಲೆನೋವು. ಮುತಶಾಬಿಹಾತ್ ಅಂತಾರೆ. ಸೂರಾ ಕಸಸ್‌ನ 20ನೇ ಆಯತ್‌ನಲ್ಲಿ "ವ ಜಾಅ ರಜುಲುಮ್ ಮಿನ್ ಅಕ್ಸಲ್ ಮದೀನತಿ" ಅಂತ ಇದೆ. ಸೂರಾ ಯಾಸೀನ್‌ನ 20ನೇ ಆಯತ್‌ನಲ್ಲಿ "ವ ಜಾಅ ಮಿನ್ ಅಕ್ಸಲ್ ಮದೀನತಿ ರಜುಲುನ್" ಅಂತ ಇದೆ. ಊರಿನ ಆ ತುದಿಯಿಂದ ಒಬ್ಬ ಓಡಿ ಬರುವುದು ಎರಡೂ ಕಡೆ. "ರಜುಲ್" ಮಾತ್ರ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಆಯತ್ ಸಂಖ್ಯೆಯೂ ಒಂದೇ ಆಗಬೇಕೇ! ಕಸಸ್ ಓದುತ್ತಾ ಓದುತ್ತಾ ಯಾಸೀನ್‌ಗೆ ಹೊರಟುಹೋಗುವವರು ಎಷ್ಟೋ ಜನ. ಹಿಂದಿನ ವಿದ್ವಾಂಸರು ಇಂಥ ಜೋಡಿಗಳನ್ನು ಕೈಯಾರೆ ಹುಡುಕಿ ಪಟ್ಟಿ ಮಾಡಿದರು. ಈಗ ಒಂದು ಸಣ್ಣ ಪ್ರೋಗ್ರಾಮ್ ಬರೆದರೆ, ಮಗು ಇವತ್ತು ಕಲಿಯುವ ಪುಟದಲ್ಲಿ ಎಲ್ಲೆಲ್ಲಿ ಕಾಲು ಜಾರುವ ಜಾಗ ಇದೆ ಅಂತ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತದೆ. ನನ್ನ ಎಲ್ಲ ಕೆಲಸಗಳಲ್ಲಿ ಉಸ್ತಾದರು ಬಾಯಿಬಿಟ್ಟು ಮೆಚ್ಚಿದ್ದು ಇದೊಂದನ್ನೇ. ಅದಕ್ಕೆ ಆಧಾರ ತಂಝಿಲ್ ಅನ್ನುವ ಯೋಜನೆಯ ಪಾಠ. 2007ರಿಂದ ಅವರು ಅಕ್ಷರ ಅಕ್ಷರ ತಾಳೆ ನೋಡಿದ ಯುನಿಕೋಡ್ ಪಾಠವನ್ನು ಒದಗಿಸುತ್ತಿದ್ದಾರೆ. ಎಲ್ಲಿಂದಲೋ ನಕಲು ಮಾಡಿಕೊಂಡ ಪಾಠದ ಮೇಲೆ ಆಪ್ ಕಟ್ಟುವವರನ್ನು ಕಂಡರೆ ನನಗೆ ವೆನಿಸ್ ನೆನಪಾಗುತ್ತದೆ.

ಅರಬಿ ಲಿಪಿ ಬಾರದವರು ಕನ್ನಡ ಲಿಪಿಯಲ್ಲಿ ಬರೆದ ಸೂರಾಗಳನ್ನು ಕೇಳುತ್ತಾರೆ. ನಾನು ಕೊಡುವುದಿಲ್ಲ. ಈ ಬರಹವನ್ನೇ ನೋಡಿ. ಬಡಾ ಕಾಫ್ ಮತ್ತು ಛೋಟಾ ಕಾಫ್ ಎರಡನ್ನೂ ನಾನು ಕಾಫ್ ಅಂತಲೇ ಬರೆಯಬೇಕು. ಝಾಲ್, ಝಾ ಇಂಥ ಬೇರೆ ಬೇರೆ ಅಕ್ಷರಗಳಿಗೆ ನಮ್ಮ ಒಂದು ಝ ದುಡಿಯಬೇಕು. ಮೊದಲ ಸಲ ಓದಲು ಧೈರ್ಯ ಕೊಡುತ್ತದೆ, ನಿಜ. ಆದರೆ ಒಮ್ಮೆ ನಾಲಿಗೆ ಅದಕ್ಕೆ ಒಗ್ಗಿದರೆ ಬಿಡಿಸುವುದು ಉಸ್ತಾದರಿಗೆ ದುಪ್ಪಟ್ಟು ಕೆಲಸ. ಅದರ ಬದಲು ಅಕ್ಷರ ಮುಟ್ಟಿದರೆ ದನಿ ಬರುವ ಖಾಯಿದಾ (ಅಕ್ಷರಮಾಲೆಯ) ಆಪ್ ಕೊಡುತ್ತೇನೆ. ದೊಡ್ಡವರೂ ಅದರಲ್ಲಿ ಬೇಗ ಕಲಿಯುತ್ತಾರೆ.

ರಜೆ ದಿನಗಳಲ್ಲಿ ಮಕ್ಕಳಿಗೆ ನಮಾಝಿನ ಸಮಯದ ಪಾಠ ಇರುತ್ತದೆ. ಎರಡು ಫೋನಿನಲ್ಲಿ ಎರಡು ಫಜ್ರ್ (ಮುಂಜಾವಿನ ನಮಾಝ್) ಸಮಯ ಯಾಕೆ ಅಂತ ಒಬ್ಬಳು ಕೇಳಿದ್ದರಿಂದ ಇದು ಶುರುವಾಯಿತು. ಸೂರ್ಯ ದಿಗಂತದ ಕೆಳಗೆ ಎಷ್ಟು ಡಿಗ್ರಿ ಇರುವಾಗ ಫಜ್ರ್ ಅನ್ನುವುದರಲ್ಲಿ ಒಂದೊಂದು ಸಂಸ್ಥೆಗೆ ಒಂದೊಂದು ಲೆಕ್ಕ. ಮುಸ್ಲಿಮ್ ವರ್ಲ್ಡ್ ಲೀಗ್ 18 ಅನ್ನುತ್ತದೆ, ಈಜಿಪ್ಟಿನ ಲೆಕ್ಕ 19.5, ಉತ್ತರ ಅಮೆರಿಕದ ಇಸ್ನಾ 15. ಒಂದು ಡಿಗ್ರಿಗೆ ಕನಿಷ್ಠ 4 ನಿಮಿಷ. ಅಸ್ರ್ ಅನ್ನುವ ಇಳಿಹಗಲಿನ ನಮಾಝಿಗೆ ಇನ್ನೊಂದು ಆಯ್ಕೆ. ಮಧ್ಯಾಹ್ನದ ನೆರಳನ್ನು ಬಿಟ್ಟು ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗಲೋ, ಎರಡರಷ್ಟು ಆದಾಗಲೋ? ಧರ್ಮಶಾಸ್ತ್ರದ ಪಂಥಗಳಲ್ಲಿ ಹನಫಿಗಳದು ಎರಡರಷ್ಟು, ಶಾಫಿಈ ಮತ್ತು ಉಳಿದವರದು ಒಂದರಷ್ಟು. ಆಪ್‌ನ ಸೆಟ್ಟಿಂಗ್‌ನಲ್ಲಿ ಇದು ಎರಡು ಸಾಲು ಅಷ್ಟೇ, ಮಕ್ಕಳಿಗೆ ಏನೂ ಹೇಳುವುದಿಲ್ಲ. ಹಾಗಾಗಿ ಬಯಲಲ್ಲಿ ಕೋಲು ನೆಟ್ಟು ನೆರಳು ಅಳೆಯುತ್ತೇವೆ, ಆಮೇಲೆ ಫೋನ್ ತೆಗೆದು ತಾಳೆ ನೋಡುತ್ತೇವೆ. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯ ಸಮಯಪಾಲಕ ಇಬ್ನ್ ಅಶ್ಶಾತಿರ್ 1371ರಲ್ಲಿ ಅಲ್ಲಿಯ ಮಿನಾರಿಗೆ ಒಂದು ಅಮೃತಶಿಲೆಯ ನೆರಳು ಗಡಿಯಾರ ಮಾಡಿದ್ದರು. ಅದರ ಚಿತ್ರ ತೋರಿಸಿದರೆ ಮಕ್ಕಳು ಸುತ್ತ ಮುಗಿಬೀಳುತ್ತಾರೆ. ನಮಾಝಿಗೆ ಮುಖ ಮಾಡುವ ದಿಕ್ಕು ಕಿಬ್ಲಾ ತೋರಿಸುವ ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಬೀರುವಿನ ಹತ್ತಿರ ಒಯ್ದು ಅದು ಹುಚ್ಚಾಗುವುದನ್ನೂ ತೋರಿಸುತ್ತೇನೆ. ಈ ತರಗತಿಗೆ ಯಾರೂ ಗೈರುಹಾಜರಾಗುವುದಿಲ್ಲ.

ಕೆಲವಕ್ಕೆ ನಾನು ಜಾಗ ಕೊಟ್ಟಿಲ್ಲ. ಓದಿನ ನಡುವೆ ಜಾಹೀರಾತು ಬರುವ ಆಪ್ ಬೇಡ. ಇವತ್ತು ಓದಿದ್ದಕ್ಕೆ ನಕ್ಷತ್ರ, ಬಿಟ್ಟಿದ್ದಕ್ಕೆ ಅಳುವ ಗೊಂಬೆ ಬೇಡ. ಮಕ್ಕಳು ಗೊಂಬೆಗಾಗಿ ಓದಲು ಶುರು ಮಾಡುತ್ತಾರೆ, ಗಡಿಬಿಡಿಯಲ್ಲಿ ಮದ್ದ್ ಎಲ್ಲ ಮೊಟಕಾಗುತ್ತದೆ. ಮಕ್ಕಳ ದನಿಯನ್ನು ಎಲ್ಲೋ ದೂರದ ಸರ್ವರಿಗೆ ಕಳಿಸುವುದೂ ಬೇಡ. ರೆಕಾರ್ಡಿಂಗ್ ಅವರ ಫೋನಿನಲ್ಲಿ ಮತ್ತು ಉಸ್ತಾದರ ಲ್ಯಾಪ್‌ಟಾಪಿನಲ್ಲಿ ಮಾತ್ರ, ಮನೆಯವರು ಒಪ್ಪಿದರೆ ಮಾತ್ರ. ಮಸಲೆ (ಧರ್ಮದ ಪ್ರಶ್ನೆ) ಕೇಳಿದರೆ ಉತ್ತರಿಸುವ ಚಾಟ್‌ಬಾಟ್‌ಗಳಂತೂ ಬೇಡವೇ ಬೇಡ. ಇಲ್ಲದ ಹದೀಸನ್ನು ಇರುವ ಕಿತಾಬಿನ ಹೆಸರು ಹಾಕಿ, ನಂಬರೂ ಕೊಟ್ಟು ಹೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸನದ್, ಅಂದರೆ ಯಾರಿಂದ ಯಾರು ಕೇಳಿದರು ಅನ್ನುವ ಸರಪಳಿ, ಇಲ್ಲದಿದ್ದರೆ ಯಾರು ಬೇಕಾದರೂ ತನಗೆ ತೋಚಿದ್ದನ್ನು ಹೇಳುತ್ತಿದ್ದರು ಅಂತ ಎಂಟನೇ ಶತಮಾನದ ಅಬ್ದುಲ್ಲಾ ಇಬ್ನುಲ್ ಮುಬಾರಕ್ ಹೇಳಿದ್ದರು. ಯಾರು ಬೇಕಾದರೂ ಅನ್ನುವುದರಲ್ಲಿ ಈಗ ಯಂತ್ರವೂ ಸೇರಿದೆ.

ಸದ್ಯ ನಮ್ಮಲ್ಲಿ ಇತ್ಯರ್ಥವಾಗದೆ ಉಳಿದಿರುವುದು ಇಜಾಝಾ. ಇಡೀ ಕುರ್‌ಆನನ್ನು ಉಸ್ತಾದರ ಮುಂದೆ ಓದಿ ಒಪ್ಪಿಸಿದವರಿಗೆ, ಇನ್ನು ನೀನು ಬೇರೆಯವರಿಗೆ ಕಲಿಸಬಹುದು ಅಂತ ಕೊಡುವ ಅನುಮತಿ. ಅದರ ಜೊತೆಗೆ ಹೆಸರುಗಳ ಸರಪಳಿಯೂ ಬರುತ್ತದೆ. ಉಸ್ತಾದರು, ಅವರ ಉಸ್ತಾದರು, ಹೀಗೆ ಮೂವತ್ತರ ಆಸುಪಾಸಿನ ಹೆಸರುಗಳಲ್ಲಿ ಪ್ರವಾದಿಯವರ (ಸ) ತನಕ. ಇದನ್ನು ವಿಡಿಯೊದಲ್ಲಿ ಕೊಡಬಹುದೇ ಅನ್ನುವುದರಲ್ಲಿ ವಿದ್ವಾಂಸರ ನಡುವೆ ಒಮ್ಮತವಿಲ್ಲ. ಕೊಡುವವರೂ ಇದ್ದಾರೆ, ಎದುರಿಗೆ ಕೂರಲೇಬೇಕು ಅನ್ನುವವರೂ ಇದ್ದಾರೆ. ನಮ್ಮ ಉಸ್ತಾದರು ಎರಡನೇ ಗುಂಪಿನಲ್ಲಿದ್ದರು. ಈಗ ಸ್ವಲ್ಪ ಸಡಿಲವಾಗಿದ್ದಾರೆ. ಪೂರ್ತಿ ಓದನ್ನು ವಿಡಿಯೊದಲ್ಲಿ ಕೇಳುತ್ತಾರೆ. ಕೆಲವು ಜಾಗಗಳನ್ನು ಮಾತ್ರ ಎದುರಿಗೆ ಬಂದು ಓದಬೇಕು ಅನ್ನುತ್ತಾರೆ. ಯೂಸುಫಿನ ಆ ಆಯತ್ ಅದರಲ್ಲಿ ಇದೆ. ಹೇಳಲು ಕಷ್ಟದ ದಾದ್ ಅಕ್ಷರ ಹೆಚ್ಚು ಬರುವ ಪುಟಗಳೂ ಇವೆ.

ನನಗೆ ಹೊಸ ಕೆಲಸವನ್ನೂ ಹಚ್ಚಿದ್ದಾರೆ. ಎದುರಿಗೆ ಕೂತಾಗ ತಪ್ಪು ಬಂದರೆ ಅವರು ಪೆನ್ನಿನಿಂದ ಮೇಜು ಕುಟ್ಟುತ್ತಾರೆ, ಓದುವವರು ಅಲ್ಲೇ ನಿಲ್ಲುತ್ತಾರೆ. ವಿಡಿಯೊದಲ್ಲಿ ಕುಟ್ಟಿದ ಸದ್ದು ಹೋಗಿ ಮುಟ್ಟುವಷ್ಟರಲ್ಲಿ ಮಗು ಅರ್ಧ ಆಯತ್ ಮುಂದೆ ಹೋಗಿರುತ್ತದೆ. ಯಾವ ಅಕ್ಷರಕ್ಕೆ ಕುಟ್ಟಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಗುಂಡಿ ಮಾಡಿಕೊಟ್ಟೆ. ಒತ್ತಿದರೆ ರೆಕಾರ್ಡಿಂಗ್‌ನಲ್ಲಿ ಆ ಕ್ಷಣಕ್ಕೆ ಗುರುತು ಬೀಳುತ್ತದೆ, ಪಾಠ ಮುಗಿದ ಮೇಲೆ ಇಬ್ಬರೂ ಕೂತು ಕೇಳಬಹುದು. ಎರಡು ದಿನ ಬಳಸಿ ನೋಡಿ, ಒಂದು ಗುಂಡಿ ಸಾಲದು ಅಂದರು. ಅರ್ಥ ಕೆಡಿಸುವ ದೊಡ್ಡ ತಪ್ಪಿಗೆ ಒಂದು, ಓದಿನ ಅಂದ ಕೆಡಿಸುವ ಸಣ್ಣ ತಪ್ಪಿಗೆ ಇನ್ನೊಂದು. ದೊಡ್ಡದು ಒತ್ತಿದರೆ ಮಗುವಿನ ಕಡೆ ಸದ್ದು ಬರಬೇಕು, ಸಣ್ಣದಕ್ಕೆ ಬರಬಾರದಂತೆ, ಓದಿನ ಓಟ ಕೆಡುತ್ತದಂತೆ. ಈ ವಾರ ಅದನ್ನೇ ಮಾಡುತ್ತಿದ್ದೇನೆ. ಸದ್ದು ಯಾವುದಿರಲಿ ಅಂತ ಕೇಳಿದ್ದಕ್ಕೆ, ಪೆನ್ನಿನಿಂದ ಮೇಜು ಕುಟ್ಟಿದ್ದನ್ನೇ ರೆಕಾರ್ಡ್ ಮಾಡಿಕೋ ಅಂದಿದ್ದಾರೆ.